ನರ್ಸಮ್ಮನ ಆಸ್ಪತ್ರೆಗೆ ಹೋಗುವ ಮುಂಚೆ



ನಮ್ಮೂರಿನ ಉಪಕೇಂದ್ರ ನಿಮಗೆಲ್ಲ ಗೊತ್ತು. ಅದು ಮಕ್ಕಳಿಗೆ ಸೂಜಿ ಹಾಕಿಸೋಕೆ, ಬಸುರಿಯರನ್ನು ತೋರಿಸೋಕೆ ಮಾತ್ರ ಇರೋದು ಅಂತ ನಾನು ತಿಳಿದಿದ್ದೆ. ಅದು ತಪ್ಪು.

2018ರಲ್ಲಿ ಆಯುಷ್ಮಾನ್ ಭಾರತ್ ಯೋಜನೆ ಶುರುವಾಯಿತು. ಅದರಲ್ಲಿ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ ಮಾಡುತ್ತಾ ಬಂದರು. 2023ರಲ್ಲಿ ಇವುಗಳಿಗೆ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಹೆಸರಿಟ್ಟರು. ಬಯಲು ಸೀಮೆಯಲ್ಲಿ ಸುಮಾರು 5,000 ಜನರಿಗೆ, ಗುಡ್ಡಗಾಡಿನಲ್ಲಿ 3,000 ಜನರಿಗೆ ಒಂದು ಉಪಕೇಂದ್ರ ಇರಬೇಕೆಂದು ಲೆಕ್ಕ. ಇಲ್ಲಿ ಡಾಕ್ಟರು ಕೂರುವುದಿಲ್ಲ. ಸಮುದಾಯ ಆರೋಗ್ಯ ಅಧಿಕಾರಿ ಇರುತ್ತಾರೆ. ನಮ್ಮಲ್ಲಿ ಇರುವವರು ನರ್ಸಿಂಗ್ ಓದಿ, ಈ ಕೆಲಸಕ್ಕೆ ಬೇರೆ ತರಬೇತಿಯನ್ನೂ ಪಡೆದವರು. ಸಣ್ಣಪುಟ್ಟ ಕಾಯಿಲೆಗೆ ಅವರೇ ಔಷಧಿ ಕೊಡುತ್ತಾರೆ. 30 ವರ್ಷ ದಾಟಿದವರಿಗೆ ಬಿ.ಪಿ., ಸಕ್ಕರೆ ಕಾಯಿಲೆ ಇದೆಯಾ ಅಂತ ನೋಡುತ್ತಾರೆ. ತಮ್ಮ ಕೈಲಿ ಆಗದಿದ್ದರೆ ಡಾಕ್ಟರನ್ನು ಫೋನಿನಲ್ಲಿ ಕೇಳುತ್ತಾರೆ, ಇಲ್ಲವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸುತ್ತಾರೆ.

ನಮ್ಮಜ್ಜಿ ಜೊತೆ ಮೊದಲನೇ ಸಲ ನಾನೇ ಹೋಗಿದ್ದೆ. ಕೈಯಲ್ಲಿ ಏನೂ ಇರಲಿಲ್ಲ. "ಯಾವ ಮಾತ್ರೆ ತಗೋತೀರಿ ಅಜ್ಜಿ?" ಅಂತ ಸಿಸ್ಟರ್ ಕೇಳಿದರು. "ಬಿಳೀದು ಕಣವ್ವ, ಚಿಕ್ಕದು" ಅಂದರು ಅಜ್ಜಿ. ಬಿಳಿ ಮಾತ್ರೆ ನೂರಾರು ಇವೆ! ಬಿ.ಪಿ. 170/100 ಇತ್ತು. "ದಿನಾ ತಗೋತೀರಾ?" ಅಂದಾಗ ಅಜ್ಜಿ "ಹೂಂ" ಅಂದುಬಿಟ್ಟರು. ಹಂಗಾದ್ರೆ ಈ ಮಾತ್ರೆ ಸಾಲದು, ಡಾಕ್ಟರಿಗೆ ಹೇಳಿ ಜಾಸ್ತಿ ಮಾಡಿಸಬೇಕು ಅಂತ ಸಿಸ್ಟರ್ ಬರೆಯೋಕೆ ಶುರು ಮಾಡಿದರು. ನನಗೆ ತಡೆಯಲಾಗಲಿಲ್ಲ. "ಇಲ್ಲ ಸಿಸ್ಟರ್, ಒಂದು ತಿಂಗಳಿಂದ ಬಿಟ್ಟಿದ್ದಾರೆ" ಅಂದೆ. ಅಜ್ಜಿ ನನ್ನನ್ನು ಗುರ್ ಅಂತ ನೋಡಿದರು.

ಸಿಸ್ಟರ್ ಬೈಯಲಿಲ್ಲ. "ಯಾಕಜ್ಜಿ ಬಿಟ್ರಿ?" ಅಂತ ಮೆಲ್ಲಗೆ ಕೇಳಿದರು. ಆಗ ಅಜ್ಜಿ ನಿಜ ಹೇಳಿದರು: ಆ ಮಾತ್ರೆ ನುಂಗಿದರೆ ಕಾಲು ಊದಿಕೊಳ್ಳುತ್ತಿತ್ತಂತೆ. ಮಾರನೇ ದಿನ ನಾನು ಮಾತ್ರೆ ಪಟ್ಟಿ ತಂದು ತೋರಿಸಿದೆ. ಕೆಲವರಿಗೆ ಈ ಮಾತ್ರೆಯಿಂದ ಹಾಗೆ ಆಗುತ್ತದಂತೆ. ಸಿಸ್ಟರ್ ಡಾಕ್ಟರನ್ನು ಕೇಳಿ ಬೇರೆ ಮಾತ್ರೆ ಕೊಡಿಸಿದರು. ಈಗ ಅಜ್ಜಿಯ ಬಿ.ಪಿ. 136/84. ಸುಳ್ಳಿನ ಲೆಕ್ಕದಲ್ಲಿ ಮಾತ್ರೆ ಜಾಸ್ತಿ ಮಾಡಿದ್ದರೆ ಬಿ.ಪಿ. ಪೂರ್ತಿ ಇಳಿದು, ಅಜ್ಜಿ ತಲೆಸುತ್ತಿ ಬೀಳಬಹುದಿತ್ತು.

ಆದ್ದರಿಂದ ಹೋಗುವ ಮುಂಚೆ ಹೀಗೆ ಮಾಡಿ:

1. ಮೊದಲನೇ ಸಲವಾದರೆ ಆಧಾರ್ ಕಾರ್ಡು, ಫೋನು ತೆಗೆದುಕೊಂಡು ಹೋಗಿ. 14 ಅಂಕಿಯ ಆಭಾ ಸಂಖ್ಯೆ ಇದ್ದರೆ ಅದನ್ನೂ ಬರೆದುಕೊಳ್ಳಿ. ಗೊತ್ತಾಗದಿದ್ದರೆ ಆಶಾ ಅಕ್ಕನನ್ನು ಕೇಳಿ.
2. ಹಳೇ ಚೀಟಿ, ಮಾತ್ರೆ ಪಟ್ಟಿ ಎಲ್ಲಾ ಒಂದು ಚೀಲದಲ್ಲಿ ಹಾಕಿಕೊಳ್ಳಿ. ನಾಟಿ ಔಷಧಿ ತಗೋತಿದ್ದರೆ ಅದನ್ನೂ ಹೇಳಿ.
3. ಏನು ತೊಂದರೆ, ಎಷ್ಟು ದಿನದಿಂದ ಅಂತ ಹಾಳೆಯಲ್ಲಿ ಬರೆದುಕೊಳ್ಳಿ. ಅಲ್ಲಿ ಹೋದಮೇಲೆ ಮರೆತುಹೋಗುತ್ತದೆ.
4. ಬಿ.ಪಿ. ನೋಡುವ ಅರ್ಧ ಗಂಟೆ ಮುಂಚೆ ಕಾಫಿ, ಟೀ, ಬೀಡಿ, ಹೊಗೆಸೊಪ್ಪು ಬೇಡ. ಐದು ನಿಮಿಷ ಸುಮ್ಮನೆ ಕೂತಿರಿ.
5. ಖಾಲಿ ಹೊಟ್ಟೆಯಲ್ಲಿ ರಕ್ತ ಪರೀಕ್ಷೆಗೆ ಬರಬೇಕಾ ಅಂತ ಹಿಂದಿನ ದಿನವೇ ಕೇಳಿ.
6. ಬರುವಾಗ ಮುಂದಿನ ಸಲ ಯಾವಾಗ ಬರಬೇಕು ಅಂತ ಬರೆಸಿಕೊಳ್ಳಿ.

ಎದೆನೋವು, ಕೈಕಾಲು ಬಿದ್ದುಹೋಗುವುದು, ಹಾವು ಕಚ್ಚುವುದು, ಇಂಥದ್ದಾದರೆ ಚೀಟಿ ಹುಡುಕುತ್ತಾ ಕೂರಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ.

ನಮ್ಮ ಮನೆಗಳಲ್ಲಿ ಎಷ್ಟೋ ಅಜ್ಜ ಅಜ್ಜಿಯರಿಗೆ ಓದಲು ಬರುವುದಿಲ್ಲ. ನಮಗೆ ಬರುತ್ತದೆ. ಈ ಭಾನುವಾರ ಅವರ ಮಾತ್ರೆ ಹೆಸರನ್ನು ನೀವೇ ಓದಿ, ಒಂದು ಹಾಳೆಯಲ್ಲಿ ಬರೆದಿಡಿ. ಬಿಟ್ಟಿದ್ದರೆ ಯಾಕೆ ಬಿಟ್ಟರು ಅಂತಲೂ ಕೇಳಿ. ಸಿಸ್ಟರಿಗೆ ಹೇಳಬೇಕಾದ ಮಾತು ಅದೇ.