ಕಿಸೆಯ ಫೋನಿನಿಂದ ಕಂಪ್ಯೂಟರಿಗೆ ಅಂತರಜಾಲ

2025-26ನೆಯ ಸಾಲಿನಿಂದ ಮಹಾರಾಷ್ಟ್ರದಾದ್ಯಂತ ಹನ್ನೊಂದನೆಯ ಇಯತ್ತೆಯ ಪ್ರವೇಶಕ್ಕೆ ಅಂತರಜಾಲದ ಮೂಲಕವೇ ಅರ್ಜಿ ಸಲ್ಲಿಸಬೇಕಾಗಿದೆ. ಸೊಲ್ಲಾಪುರ, ಅಕ್ಕಲಕೋಟೆಗಳ ನಮ್ಮ ಮಕ್ಕಳೂ ಇದಕ್ಕೆ ಹೊರತಲ್ಲ. ಅಷ್ಟುದ್ದದ ಅರ್ಜಿಯನ್ನು ಫೋನಿನ ಕಿರುಪರದೆಯ ಮೇಲೆ ತುಂಬುವುದು ಕಷ್ಟ, ತಪ್ಪುಗಳೂ ನುಸುಳುವುವು. ಮನೆಯಲ್ಲಿ ಕಂಪ್ಯೂಟರಿದ್ದರೆ ಅದಕ್ಕೆ ಬೇಕಾದ ಅಂತರಜಾಲವನ್ನು ಪಾಲಕರ ಕಿಸೆಯ ಫೋನೇ ಒದಗಿಸಬಲ್ಲುದೆಂಬುದನ್ನು ಅನೇಕರು ಅರಿಯರು.

ಒಬ್ಬರ ಬಾವಿಯ ನೀರನ್ನು ಪಕ್ಕದ ಹೊಲಕ್ಕೂ ಹಾಯಿಸುವಂತೆ, ಫೋನು ತಾನು ಪಡೆದ ಡೇಟಾವನ್ನು ಇನ್ನೊಂದು ಯಂತ್ರಕ್ಕೆ ಹಂಚಬಲ್ಲುದು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ತೆರೆದು ಪಾಸ್‌ವರ್ಡ್ ಇಡಬೇಕು. ಅನಂತರ ಕಂಪ್ಯೂಟರಿನ ವೈಫೈ ಪಟ್ಟಿಯಲ್ಲಿ ಆ ಫೋನಿನ ಹೆಸರನ್ನು ಆರಿಸಿ ಅದೇ ಪಾಸ್‌ವರ್ಡ್ ಕೊಟ್ಟರಾಯಿತು. ಹೆಸರೇ ಕಾಣಿಸದಿದ್ದರೆ ಹಾಟ್‌ಸ್ಪಾಟನ್ನು 5 ಗಿಗಾಹರ್ಟ್ಸ್‌ನಿಂದ 2.4ಕ್ಕೆ ಬದಲಿಸಿ ನೋಡಬೇಕು; ಹಳೆಯ ಕಂಪ್ಯೂಟರುಗಳು ಅನೇಕ ವೇಳೆ ಮೊದಲಿನದನ್ನು ಹಿಡಿಯಲಾರವು. ವೈಫೈ ಇಲ್ಲದ ಕಂಪ್ಯೂಟರಾದರೆ ಚಾರ್ಜಿಂಗ್ ವಾಯರಿನಿಂದ ಎರಡನ್ನೂ ಜೋಡಿಸಿ ‘ಯುಎಸ್‌ಬಿ ಟೆಥರಿಂಗ್’ ಎಂಬುದನ್ನು ಒತ್ತಬೇಕು. ನಮಗಂತೂ ಈ ವಾಯರಿನ ದಾರಿಯೇ ಮೆಚ್ಚು. ಫೋನಿನ ಬ್ಯಾಟರಿ ಬೇಗ ಇಳಿಯದು, ಅನ್ಯರು ನಮ್ಮ ಡೇಟಾದೊಳಗೆ ಕೈಯಿಕ್ಕುವ ಭಯವೂ ಇಲ್ಲ. ಆದರೆ ಕೆಲವು ಅಗ್ಗದ ವಾಯರುಗಳು ವಿದ್ಯುತ್ತನ್ನಲ್ಲದೆ ಬೇರೇನನ್ನೂ ಸಾಗಿಸವು!

ಇನ್ನು ಖರ್ಚಿನ ಮಾತು. ಒಮ್ಮೆ ನಾವು ಹೀಗೆಯೇ ಫೋನು ಜೋಡಿಸಿ ವಿದ್ಯಾರ್ಥಿಯೊಬ್ಬನ ಅರ್ಜಿ ತುಂಬಿಸಲು ಕುಳಿತೆವು. ಕಂಪ್ಯೂಟರು ನಮ್ಮನ್ನು ಕೇಳದೆಯೇ ತನ್ನ ಅಪ್‌ಡೇಟುಗಳನ್ನು ಇಳಿಸಿಕೊಳ್ಳತೊಡಗಿ, ದಿನಕ್ಕೆಂದಿದ್ದ ಒಂದೂವರೆ ಜಿಬಿಯನ್ನು ಮಧ್ಯಾಹ್ನದೊಳಗೆ ನುಂಗಿಬಿಟ್ಟಿತು. ವೇಗವು 64 ಕೆಬಿಪಿಎಸ್‌ಗೆ ಇಳಿಯಿತು. ಎಂಟು ಬಿಟ್ಟುಗಳಿಗೆ ಒಂದು ಬೈಟು. ಎಂದರೆ ಸೆಕೆಂಡಿಗೆ 8 ಕಿಲೋಬೈಟು. ಈ ವೇಗದಲ್ಲಿ 20 ಎಂಬಿಯ ಒಂದು ಪುಸ್ತಕ ಇಳಿಯಲು 40 ನಿಮಿಷಕ್ಕೂ ಮಿಕ್ಕಿ ಬೇಕು; ವಿದ್ಯಾರ್ಥಿಗಳು ತಾವೇ ಲೆಕ್ಕ ಮಾಡಿ ನೋಡಲಿ. ಅಂದಿನ ಅರ್ಜಿ ಮರುದಿನಕ್ಕೆ ಹೋಯಿತು. ಕೂಲಿ ಬಿಟ್ಟು ಬಂದಿದ್ದ ಆ ಹುಡುಗನ ತಂದೆ ಇನ್ನೊಂದು ದಿನದ ಕೂಲಿಯನ್ನೂ ಕಳೆದುಕೊಂಡರು. ನಮಗೆ ಬಹಳ ನಾಚಿಕೆಯೆನಿಸಿತು.

ಇದಕ್ಕೆ ಉಪಾಯ ಸುಲಭವಾದುದು. ವಿಂಡೋಸ್ ಕಂಪ್ಯೂಟರಿನ ಸೆಟ್ಟಿಂಗ್ಸ್‌ನಲ್ಲಿ ಈ ಜೋಡಣೆಯನ್ನು ‘ಮೀಟರ್ಡ್ ಕನೆಕ್ಷನ್’ ಎಂದು ಗುರುತಿಸಿದರೆ ಬಹುತೇಕ ಅಪ್‌ಡೇಟುಗಳು ತಡೆದು ನಿಲ್ಲುತ್ತವೆ. ಕೆಲಸ ಮುಗಿದೊಡನೆ ಹಾಟ್‌ಸ್ಪಾಟನ್ನು ಮುಚ್ಚಬೇಕು. ರಾತ್ರಿ ಅಂದಿನ ಡೇಟಾ ಉಳಿದಿದ್ದರೆ, ಪುಣೆಯ ಬಾಲಭಾರತಿಯವರು ಉಚಿತವಾಗಿ ಕೊಡುವ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನು ಇಳಿಸಿಟ್ಟುಕೊಳ್ಳಬಹುದು. ಅವನ್ನು ಮುಂದೆ ಓದುವಾಗ ಡೇಟಾದ ಹಂಗಿಲ್ಲ.