ಕಪ್ಪುರಂಧ್ರದ ನಾದ ಕೇಳಿತು, ಒಡಲು ಇನ್ನೂ ನಿಗೂಢ

ಕಳಸದ ಕಳಸೇಶ್ವರ ದೇಗುಲದ ಗಂಟೆಯನ್ನು ಕಣ್ಣಾರೆ ಕಾಣದವರೂ ಅದರ ದನಿಯಿಂದಲೇ ಗಂಟೆ ದೊಡ್ಡದೋ ಚಿಕ್ಕದೋ ಎಂದು ಊಹಿಸಬಲ್ಲರು. ಬೆಳಕನ್ನೂ ಹೊರಬಿಡದ ಕಪ್ಪುರಂಧ್ರಕ್ಕೂ ಇಂಥದೇ ನಾದವಿದೆ ಎಂದು ಮೊದಲು ತೋರಿಸಿಕೊಟ್ಟವರು ಬೆಂಗಳೂರಿನಲ್ಲಿ ಜನಿಸಿದ ವಿಜ್ಞಾನಿ ಸಿ.ವಿ. ವಿಶ್ವೇಶ್ವರ.

ಇಂಧನ ಮುಗಿದ ಭಾರೀ ನಕ್ಷತ್ರ ತನ್ನದೇ ಗುರುತ್ವಕ್ಕೆ ಸಿಲುಕಿ ಕುಸಿದಾಗ ಕಪ್ಪುರಂಧ್ರ ಹುಟ್ಟುತ್ತದೆ. ಅದರ ಸುತ್ತಲಿನ, ದಾಟಿದ ಮೇಲೆ ಮರಳಲಾಗದ ಗಡಿಯೇ ಘಟನಾ ದಿಗಂತ. ಈ ಗಡಿ ಕದಡಿದರೂ ಸ್ಥಿರವಾಗಿ ಉಳಿಯುತ್ತದೆ ಎಂಬುದನ್ನು ವಿಶ್ವೇಶ್ವರ ಅವರು 1970ರಲ್ಲಿ ಗಣಿತದಿಂದ ತೋರಿಸಿದರು. ಕದಡಿದ ಕಪ್ಪುರಂಧ್ರ ನಿರ್ದಿಷ್ಟ ಸ್ವರದ ಅಲೆಗಳನ್ನು ಹೊಮ್ಮಿಸಿ ಬೇಗನೆ ಶಾಂತವಾಗುತ್ತದೆ ಎಂದು ಅದೇ ವರ್ಷ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಈ ಸ್ವರವನ್ನು ನಿರ್ಧರಿಸುವುದು ಕಪ್ಪುರಂಧ್ರದ ದ್ರವ್ಯರಾಶಿ ಮತ್ತು ಭ್ರಮಣ.

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ಉಪಕರಣಗಳು ಗುರುತ್ವ ಅಲೆಯನ್ನು ಪ್ರಥಮ ಬಾರಿಗೆ ಹಿಡಿದವು. 36 ಮತ್ತು 29 ಸೂರ್ಯರಷ್ಟು ದ್ರವ್ಯರಾಶಿಯ ಎರಡು ಕಪ್ಪುರಂಧ್ರಗಳು ಕೂಡಿ 62 ಸೂರ್ಯರಷ್ಟಿನ ಒಂದಾಗಿದ್ದವು. ಉಳಿದ 3 ಸೂರ್ಯರಷ್ಟು ದ್ರವ್ಯರಾಶಿ ಅಲೆಗಳಾಗಿ ಹರಡಿತ್ತು. ಅಲೆಯ ಕೊನೆಯ ಭಾಗ ಅವರ ಲೆಕ್ಕಕ್ಕೆ ಹೊಂದಿತು. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರಾಗಿದ್ದ ಅವರು 2017ರ ಜನವರಿಯಲ್ಲಿ ನಿಧನರಾದರು.

ಆದರೆ ಈ ನಾದ ಬರುವುದು ಗಡಿಯ ಹೊರಗಿನಿಂದ ಮಾತ್ರ. ಒಳಗೇನಿದೆ? ಕುಸಿತ ಒಂದು ಹಂತ ದಾಟಿದರೆ ಸಿಂಗ್ಯುಲಾರಿಟಿ ಅನಿವಾರ್ಯ ಎಂದು ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಆಧಾರದಲ್ಲಿ ರೋಜರ್ ಪೆನ್‌ರೋಸ್ 1965ರಲ್ಲಿ ಸಾಧಿಸಿದರು. ಇದಕ್ಕಾಗಿ 2020ರಲ್ಲಿ ನೊಬೆಲ್ ಪಡೆದರು. ಇಂಥ ಚಿಂತನೆಗೆ ಬುನಾದಿ ಹಾಕಿದ್ದು ಕೊಲ್ಕತ್ತಾದ ಅಮಲ್ ಕುಮಾರ್ ರಾಯಚೌಧುರಿ ಅವರ 1955ರ ಸಮೀಕರಣ.

ಸಿಂಗ್ಯುಲಾರಿಟಿಯಲ್ಲಿ ಸಾಂದ್ರತೆ ಅನಂತ ಎಂದು ಲೆಕ್ಕ ಹೇಳುತ್ತದೆ. ಅನಂತ ಎಂಬುದು ಅಳತೆಯಲ್ಲ. ಸೊನ್ನೆಯಿಂದ ಭಾಗಿಸಿದ ಲೆಕ್ಕದಂತೆ, ಸಿದ್ಧಾಂತವೇ ಸೋತ ಸೂಚನೆ. ಅಷ್ಟು ಕಿರಿದಾದ ಜಾಗದಲ್ಲಿ ಕ್ವಾಂಟಂ ನಿಯಮಗಳೂ ಬೇಕು. ಎರಡನ್ನೂ ಬೆಸೆಯಲು ಸ್ಟ್ರಿಂಗ್ ಸಿದ್ಧಾಂತ, ಲೂಪ್ ಕ್ವಾಂಟಂ ಗುರುತ್ವ ಮುಂತಾದ ಪ್ರಯತ್ನಗಳಿವೆ. ಯಾವುದನ್ನೂ ಪ್ರಯೋಗ ದೃಢಪಡಿಸಿಲ್ಲ.

ದಿಗಂತದ ಮಹತ್ವ ಇರುವುದು ಇಲ್ಲಿಯೇ. ಸಿಂಗ್ಯುಲಾರಿಟಿ ಬಯಲಾದರೆ ಅದರಿಂದ ಏನು ಹೊರಬರುತ್ತದೆಂದು ಇಂದಿನ ಭೌತಶಾಸ್ತ್ರ ಹೇಳಲಾರದು. ಪ್ರಕೃತಿ ಅದನ್ನು ಸದಾ ಮರೆಮಾಡುತ್ತದೆ ಎಂಬ ಪೆನ್‌ರೋಸ್‌ರ 1969ರ ಊಹೆಗೆ ಪೂರ್ಣ ಪುರಾವೆ ದೊರೆತಿಲ್ಲ.

2025ರ ಜನವರಿ 14ರಂದು ದಾಖಲಾದ ಇನ್ನೂ ಸ್ಪಷ್ಟವಾದ ಅಲೆಯಲ್ಲಿ ಒಂದಕ್ಕಿಂತ ಹೆಚ್ಚು ಸ್ವರಗಳು ಗುರುತಿಸಲ್ಪಟ್ಟವು. ಗಡಿಯ ಲೆಕ್ಕ ಮತ್ತಷ್ಟು ಗಟ್ಟಿಯಾಗಿದೆ. ಒಳಗಿನ ಲೆಕ್ಕ ಬರೆಯುವವರಿಗಾಗಿ ವಿಜ್ಞಾನ ಕಾದಿದೆ.