ಹೆಬ್ಬೆಟ್ಟಿನ ಗುರುತು ಮತ್ತು ತಿಳಿಸುವ ಹೊಣೆ

ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಸಬ್‌ರಿಜಿಸ್ಟ್ರಾರರ ಕಚೇರಿಯ ಮೆಟ್ಟಿಲು ಹತ್ತದ ಮನೆತನ ಅಪರೂಪ. ಹತ್ತು ಸೆಂಟ್ಸ್ ಜಾಗ ಕೊಳ್ಳುವವರೂ, ಅಡಿಕೆ ತೋಟವನ್ನು ಪಾಲು ಮಾಡಿಕೊಳ್ಳುವ ಅಣ್ಣತಮ್ಮಂದಿರೂ ಅಲ್ಲಿ ಬೆರಳನ್ನು ಒತ್ತಲೇಬೇಕು. ಹಾಗೆ ಒತ್ತಿದ ಗುರುತು ಮುಂದೆ ಯಾರ ಕೈ ಸೇರೀತೆಂದು ಯೋಚಿಸುವ ಪ್ರಮೇಯ ೨೦೨೩ರಲ್ಲಿ ಬಂತು.

ಆ ವರ್ಷ ನಮ್ಮ ಜಿಲ್ಲೆಯಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಬ್ಯಾಂಕು ಖಾತೆಯಿಂದ ಹಣ ಮಾಯವಾಯಿತು. ಒ.ಟಿ.ಪಿ. ಕೇಳಿ ಯಾರೂ ಕರೆ ಮಾಡಿರಲಿಲ್ಲ. ಅಕ್ಟೋಬರಿನಲ್ಲಿ ಮಂಗಳೂರು ಪೊಲೀಸರು ಬಿಹಾರದ ಕೆಲವರನ್ನು ಬಂಧಿಸಿದರು. ನೋಂದಣಿಯ 'ಕಾವೇರಿ' ಜಾಲತಾಣದಿಂದ ದಸ್ತಾವೇಜುಗಳನ್ನು ಇಳಿಸಿಕೊಂಡು, ಅವುಗಳಲ್ಲಿದ್ದ ಆಧಾರ್ ಸಂಖ್ಯೆಯನ್ನೂ ಬೆರಳಚ್ಚನ್ನೂ ಬಳಸಿದರೆಂಬುದು ಪೊಲೀಸರ ಆರೋಪ.

ಇದು ಹೇಗೆ ಸಾಧ್ಯ? ಆಧಾರ್ ಆಧಾರಿತ ಪಾವತಿಯಲ್ಲಿ ಬೇಕಾದುವು ಮೂರೇ: ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು. ಕಾರ್ಡೂ ಬೇಡ, ಗುಪ್ತಸಂಖ್ಯೆಯೂ ಬೇಡ. ಒಂದು ಸಲಕ್ಕೆ ಹತ್ತು ಸಾವಿರ ರೂಪಾಯಿಯವರೆಗೆ ತೆಗೆಯಬಹುದು. ಬ್ಯಾಂಕು ದೂರವಿರುವ ಹಳ್ಳಿಯ ಪಿಂಚಣಿದಾರರಿಗೆ ಇದು ದೊಡ್ಡ ಅನುಕೂಲವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗುಪ್ತಸಂಖ್ಯೆ ಬಯಲಾದರೆ ಬೇರೊಂದನ್ನು ಇಟ್ಟುಕೊಳ್ಳಬಹುದು; ಬೆರಳನ್ನು ಬದಲಿಸುವುದೆಂತು?

ಆಮೇಲೆ ದಸ್ತಾವೇಜುಗಳಲ್ಲಿ ಈ ಗುರುತುಗಳನ್ನು ಮರೆಮಾಡುವ ಕ್ರಮಗಳಾದುವು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಮಾತು ಇಲ್ಲಿ ನೆನಪಾದರೆ ತಪ್ಪಿಲ್ಲ. ಕಳವಿಗಿಂತ ನನ್ನನ್ನು ಕಾಡುವುದು ಇನ್ನೊಂದು ಪ್ರಶ್ನೆ: ಗುರುತು ಸೋರಿಹೋಗಿದೆಯೆಂದು ಅದರ ಒಡೆಯನಿಗೆ ಹೇಳಬೇಕಾದವರಾರು? ಹಣ ಹೋದ ಸಂದೇಶವೇ ಮೊದಲ ಸೂಚನೆಯಾದರೆ ಎಚ್ಚರಗೊಂಡು ಫಲವೇನು?

ಈ ಹೊಣೆಯನ್ನು ಹೊರಿಸುವ ಕಾಯಿದೆ ರಾಜ್ಯದ್ದಲ್ಲ, ಕೇಂದ್ರದ್ದು. ಅದರ ಬೇರಿನಲ್ಲಿ ಮಾತ್ರ ಕನ್ನಡನಾಡಿನವರೊಬ್ಬರಿದ್ದಾರೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಹೂಡಿದ ಮೊಕದ್ದಮೆಯಲ್ಲಿಯೇ, ೨೦೧೭ರ ಆಗಸ್ಟ್ ೨೪ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ೨೦೨೩ರ ಆಗಸ್ಟಿನಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯೂ, ೨೦೨೫ರ ನವೆಂಬರಿನಲ್ಲಿ ಅದರ ನಿಯಮಗಳೂ ಬಂದುವು. ಸೋರಿಕೆಯಾದೊಡನೆ ಬಾಧಿತರಾದ ಪ್ರತಿಯೊಬ್ಬರಿಗೂ ವಿಳಂಬವಿಲ್ಲದೆ, ಸರಳ ಮಾತಿನಲ್ಲಿ, ಏನು ಸೋರಿತು, ಅದರಿಂದ ಏನಾದೀತು, ತಾವೇನು ಮಾಡಿಕೊಳ್ಳಬೇಕು ಎಂಬುದನ್ನು ತಿಳಿಸಬೇಕು. ದತ್ತಾಂಶ ಮಂಡಲಿಗೂ ಒಡನೆ ತಿಳಿಸಿ, ೭೨ ಗಂಟೆಗಳೊಳಗೆ ವಿವರವಾದ ವರದಿ ಕೊಡಬೇಕು. ತಿಳಿಸದಿದ್ದರೆ ೨೦೦ ಕೋಟಿ ರೂಪಾಯಿಯವರೆಗೆ, ರಕ್ಷಣೆಯ ಏರ್ಪಾಡನ್ನೇ ಮಾಡದಿದ್ದರೆ ೨೫೦ ಕೋಟಿಯವರೆಗೆ ದಂಡ. ನಿಯಮಗಳು ಪ್ರಕಟವಾದ ಹದಿನೆಂಟು ತಿಂಗಳ ತರುವಾಯವೇ ಈ ಹೊಣೆ ಜಾರಿಗೆ ಬರತಕ್ಕದ್ದು.

ದಂಡದ ಹಣವಾದರೋ ಸೇರುವುದು ಭಾರತದ ಸಂಚಿತ ನಿಧಿಗೆ, ಹಣ ಕಳೆದುಕೊಂಡವರಿಗಲ್ಲ. ಅಲಕ್ಷ್ಯ ತೋರಿದ ಕಂಪೆನಿಯಿಂದ ನಷ್ಟಪರಿಹಾರ ಕೇಳಲು ಐ.ಟಿ. ಕಾಯಿದೆಯಲ್ಲಿ ೪೩ಎ ಎಂಬ ಕಲಮೊಂದಿತ್ತು. ಹೊಸ ಕಾಯಿದೆ ಅದನ್ನೂ ಕೈಬಿಡುತ್ತದೆ. ಇದು ನನಗೆ ಸರಿಯೆನಿಸುವುದಿಲ್ಲ.

ಅಲ್ಲಿಯವರೆಗೆ ಆಧಾರ್ ಪ್ರಾಧಿಕಾರದ ತಾಣದಲ್ಲಿ ಬೆರಳಚ್ಚಿಗೆ ಬೀಗ ಹಾಕಿಕೊಳ್ಳಬಹುದು; ಹಣ ಹೋದರೆ ಬ್ಯಾಂಕಿಗೂ ೧೯೩೦ಕ್ಕೂ ಕೂಡಲೇ ತಿಳಿಸಬೇಕು. ಮನೆಯ ಹಿರಿಯರಿಗೆ ಬೀಗ ಹಾಕಿಕೊಟ್ಟವರು ಒಂದನ್ನು ಮರೆಯಬಾರದು: ಪಡಿತರ ಅಂಗಡಿಯಲ್ಲಿ ಅಕ್ಕಿಗೂ ಅದೇ ಬೆರಳು ಬೇಕು, ಹೋಗುವ ಮುನ್ನ ಬೀಗ ತೆಗೆದಿರಬೇಕು.